ದುರ್ಗಪ್ಪನ ಚೀಟಿ

ಗುರುವಾರ ಬೆಳಗ್ಗೆ ಕಲ್ಲಯ್ಯ ಎಂದಿನಂತೆ ಆಶ್ರಮದ ಅಂಗಳ ಗುಡಿಸಿ, ನದಿಯಿಂದ ನೀರು ತಂದಿಟ್ಟು, ಗುರುಗಳ ಮುಂದೆ ಏಳು ಚೀಟಿಗಳನ್ನು ಇಟ್ಟ.

ಹಳ್ಳಿಯವರ ಬಾಯಲ್ಲಿ ನೆಲೆಸಿದ ಇಂಗ್ಲಿಷ್ ಮಾತುಗಳ ಕೋಶವೊಂದನ್ನು ಗುರುಗಳು ಮಾಡುತ್ತಿದ್ದರು. ಒಂದು ಅರ್ಥಕ್ಕೆ ಒಂದು ಚೀಟಿ. ನಿಯಮವೂ ಒಂದೇ: ಅರ್ಥ ಹೇಳಿದವರು ತಾವಾಗಿ 'ಹೋಗಿ ಬಾ' ಅನ್ನುವವರೆಗೆ ಎದ್ದು ಬರಬಾರದು.

"'ಡಾಗ್' ಮುಗಿಯಿತು ಗುರುಗಳೆ," ಎಂದ ಕಲ್ಲಯ್ಯ. "ಬರೀ ನಾಯಿ ಅಂದುಕೊಂಡಿದ್ದೆ. ಬೆನ್ನು ಬಿಡದೆ ಹಿಂಬಾಲಿಸುವುದೂ ಡಾಗ್. ಲೇತ್ ಯಂತ್ರದಲ್ಲಿ ಕಂಬಿಯನ್ನು ಕಚ್ಚಿ ತಿರುಗಿಸುವ ಕಬ್ಬಿಣವೂ ಡಾಗ್."

"ಮೂಲ?"

"ಇಂಗ್ಲಿಷ್ ಪಂಡಿತರಿಗೂ ಖಚಿತವಾಗಿ ಗೊತ್ತಿಲ್ಲವಂತೆ."

"ಸರಿ. ಋಷಿಮೂಲ, ನದೀಮೂಲದ ಜೊತೆಗೆ ಇದೂ ಸೇರಲಿ." ಗುರುಗಳು ನಗುತ್ತ ಕೊನೆಯ ಚೀಟಿ ಎತ್ತಿಕೊಂಡರು. "ಇದು ದುರ್ಗಪ್ಪನದೇನು?"

"ಹೌದು, ಹೋದ ವಾರ ನೀವೇ ಕಳಿಸಿದ್ದಿರಲ್ಲ, ಆ ರೈಲ್ವೆ ಗ್ಯಾಂಗ್‌ಮನ್. ಹಳಿಯನ್ನು ಮರದ ದಿಮ್ಮಿಗೆ ಹಿಡಿದಿಡುವ ಮೊಳೆಗೂ ಡಾಗ್ ಅಂತಾರೆ. ತಲೆಗೆ ಎರಡು ಕಿವಿ. 'ಬೊಗಳಂಗಿಲ್ಲ, ಕಚ್ಚಿದ್ರ ಬಿಡಂಗಿಲ್ಲ' ಅಂದರು."

"ಹೋಗಿ ಬಾ ಅಂದನೆ?"

ಕಲ್ಲಯ್ಯ ತಲೆ ತಗ್ಗಿಸಿದ.

"ಇಲ್ಲ. ಹಳಿಯ ಪಕ್ಕ ಸಿಕ್ಕ ಒಂದು ಕೂಸಿನ ಮಾತು ತೆಗೆದರು. ಅದಕ್ಕೂ ಈ ಪದಕ್ಕೂ ಸಂಬಂಧವಿಲ್ಲ ಅಂತ ಎದ್ದುಬಿಟ್ಟೆ."

"ಪೂರ್ತಿ ಕೇಳದೆ ಅದು ಹೇಗೆ ತಿಳಿಯಿತು?"

ಗುರುಗಳು ಚೀಟಿಯನ್ನು ಅವನ ಕೈಗೆ ಮರಳಿಸಿದರು.

"ಈಗಲೇ ಹೋಗು."

ನಾಲ್ಕು ಮೈಲಿ ನಡೆದು ಹೋದ. ದುರ್ಗಪ್ಪನ ಹೆಂಡತಿ ಹನುಮವ್ವ ಬಾಗಿಲಲ್ಲಿ ಕುಳಿತಿದ್ದಳು. ಒಳಗೆ ನೆಂಟರಿದ್ದರು.

"ಸೋಮವಾರ ತೀರಿಹೋದ್ರಪ್ಪ," ಅಂದಳು. "'ಆ ಬರಕೊಳ್ಳಾವ ಮತ್ತ ಬರ್ತಾನೇನು' ಅಂತ ಎರಡು ಸಲ ಕೇಳಿದ್ರು. ಬರ್ತಾನ ಅಂದೆ."

ಕಲ್ಲಯ್ಯ ಅವಳೆದುರು ನೆಲದ ಮೇಲೆ ಕುಳಿತ.

"ಹಳಿ ಹತ್ತಿರ ಸಿಕ್ಕ ಕೂಸಿನ ಮಾತು ನಿಮಗೆ ಹೇಳಿದ್ದರೇನವ್ವ?"

"ಯಾವ ಕೂಸು?" ಅಂದಳು ಹನುಮವ್ವ.

ಸಂಜೆ ಅವನು ಮರಳಿದಾಗ ಗುರುಗಳು ನದಿಯ ಮೆಟ್ಟಿಲ ಮೇಲೆ ಕುಳಿತಿದ್ದರು. ಕಲ್ಲಯ್ಯ ನಡೆದುದನ್ನೆಲ್ಲ ಹೇಳಿದ.

"ಚೀಟಿ ಹರಿದುಬಿಡಲೆ, ಗುರುಗಳೆ?"

"ಬೇಡ. ಅದರ ಮೇಲೆ 'ಅರ್ಧ' ಅಂತ ಬರಿ."

ಬರೆದ.

"ತಪ್ಪು ನನ್ನೊಬ್ಬನದೇ," ಎಂದ.

ಗುರುಗಳು ನೀರನ್ನೇ ನೋಡುತ್ತಿದ್ದರು.

"ದುರ್ಗಪ್ಪನೂ ನಾನೂ ಒಂದೇ ಗರಡಿಯಲ್ಲಿ ಬೆಳೆದವರು. ಅವನ ಮನೆಗೆ ನಾನು ಹೋಗಿ ಹನ್ನೊಂದು ವರ್ಷವಾಗಿತ್ತು."