ತುಂಗಕ್ಕ ಕೊಟ್ಟ ಹಲಸಿನ ತೊಳೆ

ಮಕ್ಕಳೇ, ನೆಲ್ಲಿಗುಡ್ಡದ ಕಾಡಿನಲ್ಲಿ ಒಂದು ಕೊಳವಿತ್ತು. ಅದರ ದಡದ ಹಲಸಿನ ಮರದ ಮೇಲೆ ತುಂಗಕ್ಕ ಎಂಬ ಅಳಿಲು, ಅದೇ ಮರದ ಬುಡದ ಬಿಲದಲ್ಲಿ ಸಣ್ಣಮ್ಮ ಎಂಬ ಇಲಿ ವಾಸವಾಗಿದ್ದರು. ತುಂಗಕ್ಕನ ಮಗಳು ಬೆಳ್ಳಿ, ಸಣ್ಣಮ್ಮನ ಮಗ ಗುಂಡ. ಬೆಳಗಾದರೆ ಸಾಕು, ಇಬ್ಬರಿಗೂ ಆಟವೋ ಆಟ.

ಕೊಳದಾಚೆ ಕರಿಮೂತಿಯ ಕೋತಿ, ಮುಸುವ ಪಂಡಿತರ ಗುಹೆ. ಕಾಡಿನಲ್ಲಿ ಯಾರಿಗೆ ಕಾಯಿಲೆಯಾದರೂ ಮದ್ದು ಅಲ್ಲಿಂದಲೇ ಬರಬೇಕು. ಅದಕ್ಕೇ ಎಲ್ಲರೂ ಕೈಲಾದಷ್ಟು ತಿನಿಸು ತಂದು ಗುಹೆಯ ಬಾಗಿಲ ಬಂಡೆಯ ಮೇಲಿಟ್ಟು ಹೋಗುತ್ತಿದ್ದರು. ಕೊಟ್ಟವರ ಹೆಸರನ್ನು ಗೊರವಂಕ ಹಕ್ಕಿ ಕೊಂಬೆಯಿಂದ ಕೊಂಬೆಗೆ ಹಾರುತ್ತಾ ಮೂರು ಸಲ ಕೂಗುವುದು ಅಲ್ಲಿನ ರೂಢಿ.

"ದಾನಶೂರೆ ತುಂಗಕ್ಕ!" ಎಂಬ ಕೂಗು ಕೇಳಿದರೆ ಸಾಕು, ತುಂಗಕ್ಕನ ಬಾಲ ತಾನಾಗಿಯೇ ನೆಟ್ಟಗಾಗುತ್ತಿತ್ತು. ಅವಳೇನೂ ಕೆಟ್ಟವಳಲ್ಲ. ಹೆಸರು ಕೇಳಿಸಿಕೊಳ್ಳುವ ಚಪಲ. ಕೊಟ್ಟ ಮೇಲೆ ಅದು ಏನಾಯಿತು ಎಂದು ಒಮ್ಮೆಯಾದರೂ ಕೇಳಿದವಳಲ್ಲ.

ಒಂದು ದಿನ ಬೆಳ್ಳಿಗೆ ಜ್ವರ ಬಂತು. ಮೈ ಕೆಂಡದಂತೆ ಸುಡತೊಡಗಿತು. ತುಂಗಕ್ಕ ಗುಹೆಗೆ ಓಡಿದಳು.

"ಇದು ಹೊಸ ಜ್ವರ. ಮದ್ದಿನ ಅಳತೆ ಗೊತ್ತಾಗಬೇಕು. ಎರಡು ದಿನ ತಡಿ" ಎಂದರು ಪಂಡಿತರು.

"ಏನು ಬೇಕಾದರೂ ಕೊಡ್ತೀನಿ, ನನ್ನ ಮಗಳನ್ನ ಉಳಿಸಿಕೊಡಿ!"

"ಹಾಗಾದರೆ ಹಲಸಿನ ತೊಳೆ ಕೊಡು. ಘಮ್ಮೆನ್ನಬೇಕು."

ಮದ್ದಿಗೂ ಘಮಕ್ಕೂ ಏನು ಸಂಬಂಧ? ತುಂಗಕ್ಕ ಕೇಳಲಿಲ್ಲ. ಮನೆಯಲ್ಲಿ ಒಣಗಿಸಿಟ್ಟಿದ್ದ ತೊಳೆಗಳನ್ನೆಲ್ಲ ಹೊತ್ತು ತಂದು ಗುಹೆಯ ಬಾಗಿಲಲ್ಲಿ ಸುರಿದಳು.

ಮರುದಿನ ಸಣ್ಣಮ್ಮ ಮರದ ಬುಡದಿಂದ ಕೂಗಿದಳು. "ಅಕ್ಕಾ, ನಮ್ಮ ಗುಂಡನ್ನ ಕಂಡಿರಾ? ನಿನ್ನೆಯಿಂದ ಮನೆಗೇ ಬಂದಿಲ್ಲ."

"ಎಲ್ಲೋ ಆಡ್ತಿರ್ತಾನೆ ಬಿಡು. ನನಗೆ ನನ್ನ ಮಗಳದ್ದೇ ಚಿಂತೆಯಾಗಿದೆ."

ಮೂರನೆಯ ದಿನ ಮದ್ದು ಬಂತು. ಬೆಳ್ಳಿ ಕಣ್ಣು ಬಿಟ್ಟಳು, ನೀರು ಕೇಳಿದಳು. ತುಂಗಕ್ಕ ಹಿಗ್ಗಿನಿಂದ ಪಂಡಿತರಿಗೆ ಕೈಮುಗಿಯಲು ಹೋದಳು. ಬಾಗಿಲಲ್ಲಿ ಯಾರೂ ಕಾಣದೆ, ಮೊದಲ ಸಲ ಗುಹೆಯ ಒಳಕ್ಕೆ ಕಾಲಿಟ್ಟಳು.

ಒಳಗೊಂದು ಬಳ್ಳಿಯ ಬುಟ್ಟಿ ಬೋರಲು ಬಿದ್ದಿತ್ತು. ಎತ್ತಿ ನೋಡಿದರೆ ಅದರಡಿ ಅರ್ಧ ತಿಂದ ಹಲಸಿನ ತೊಳೆ. ಅದರ ಪಕ್ಕದಲ್ಲಿ ಗುಂಡ ಮಲಗಿದ್ದ. ಮುಟ್ಟಿದರೆ ಮೈ ತಣ್ಣಗಿತ್ತು.

"ಪಂಡಿತರೇ! ಇವನು ನಮ್ಮ ಗುಂಡ!"

"ಹೆಸರು ನನಗೆ ಗೊತ್ತಿರಲಿಲ್ಲ" ಎಂದು ಒಳಗಿನಿಂದ ಬಂದ ಪಂಡಿತರು ತಲೆ ತಗ್ಗಿಸಿದರು. "ಎಷ್ಟು ಮದ್ದಿಗೆ ಜ್ವರ ಇಳಿಯುತ್ತೆ, ಎಷ್ಟಾದರೆ ಪ್ರಾಣ ಹೋಗುತ್ತೆ ಅಂತ ಯಾರ ಮೇಲಾದರೂ ನೋಡಬೇಕಿತ್ತಲ್ಲ. ತೊಳೆಯ ಘಮಕ್ಕೆ ಇವನು ಬಂದ. ನಿನ್ನ ಮಗಳು ಉಳಿದಳು ತಾನೇ?"

ಮಗಳು ಉಳಿದದ್ದೂ ನಿಜ, ಗುಂಡ ಹೋದದ್ದೂ ನಿಜ. ತುಂಗಕ್ಕ ಅವನನ್ನು ಬೆನ್ನ ಮೇಲೆ ಹೊತ್ತು ತಂದು ತಾಯಿಯ ಮುಂದೆ ಮಲಗಿಸಿ, ನಡೆದದ್ದನ್ನೆಲ್ಲ ಹೇಳಿದಳು.

ಸಣ್ಣಮ್ಮ ಬೈಯಲಿಲ್ಲ. ಮಗನ ಮೀಸೆಗೆ ಅಂಟಿದ್ದ ಮದ್ದನ್ನು ಒರೆಸಿದಳು. "ನನ್ನನ್ನ ಒಂದು ಮಾತು ಕೇಳಿದ್ದಿದ್ದರೆ, ಬೆಳ್ಳಿಗೋಸ್ಕರ ನಾನೇ ಕುಡಿದು ನೋಡ್ತಿದ್ದೆನಲ್ಲ, ಅಕ್ಕಾ" ಎಂದಳು.

ಅಷ್ಟರಲ್ಲಿ ಮೇಲಿನಿಂದ ಗೊರವಂಕ ಕೂಗಿತು. "ದಾನಶೂರೆ ತುಂಗಕ್ಕ! ದಾನಶೂರೆ..."

"ಸಾಕು, ನಿಲ್ಲಿಸು!" ತುಂಗಕ್ಕ ಅಳುತ್ತಾ ಚೀರಿದಳು. "ನಾನು ಕೊಟ್ಟದ್ದು ಬರೀ ತೊಳೆ. ಇವನಿಂದ ಪ್ರಾಣವನ್ನೇ ಕಿತ್ತುಕೊಂಡೆವು. ಕೂಗುವುದಾದರೆ ಇವನ ಹೆಸರು ಕೂಗು."

"ಗುಂಡಾ! ಗುಂಡಾ! ಗುಂಡಾ!" ಎಂದು ಗೊರವಂಕ ಕೂಗಿತು.

ಆಟಕ್ಕೆ ಕರೆಯುತ್ತಿದ್ದಾರೆ ಎಂದುಕೊಂಡು ಬೆಳ್ಳಿ ಮರದಿಂದ ಓಡೋಡಿ ಇಳಿದು ಬಂದಳು.

ನೀತಿ: ಕೊಟ್ಟರಷ್ಟೇ ಸಾಲದು, ಕೊಟ್ಟದ್ದು ಯಾರಿಗೆ ಕೇಡಾಗುತ್ತದೆ ಎಂದು ಕೇಳಿ ತಿಳಿಯುವುದೂ ಕೊಟ್ಟವರ ಹೊಣೆ.