ತೊಟ್ಟಿಲು ತರಬೇಕಾದ ಕಂಪನಿ

ಹಾವೇರಿಯ ಗುಮಾಸ್ತನೊಬ್ಬನಿಗೆ ನಲವತ್ತಕ್ಕೆ ಅಂತೂ ಕನ್ಯೆ ಗೊತ್ತಾಯಿತು. ಇಮೇಲಿನಲ್ಲಿದ್ದ ಜಾತಕ ತೋರಿಸಲು ಭಾವಿ ಮಾವನ ಕೈಗೆ ಮೊಬೈಲ್ ಕೊಟ್ಟ. ಜಾತಕದ ಮೇಲೆಯೇ ಆನ್‌ಲೈನ್ ಅಂಗಡಿಯ ಇಮೇಲ್ ಕೂತಿತ್ತು: ‘ತಂದೆಯಾದ ನಿಮಗೆ ಅಭಿನಂದನೆ! ಮಗುವಿನ ಡೈಪರ್ ಅರ್ಧ ಬೆಲೆಗೆ!’ ಮಾವ ಚಹಾ ಅರ್ಧಕ್ಕೇ ಬಿಟ್ಟು ಎದ್ದ.

ಗುಮಾಸ್ತ ಕಂಪನಿಗೆ ಫೋನ್ ಹಚ್ಚಿದ. “ತಪ್ಪಾಗೇತಿ ಅಂತ ಒಂದು ಪತ್ರ ಬರ್ದು ಕೊಡ್ರಿ.”

ಮ್ಯಾನೇಜರ್ ಸಾಹೇಬರು ಗಂಟಲು ಸರಿಮಾಡಿಕೊಂಡರು. “ನಮ್ಮ ಸಿಸ್ಟಮ್ ಯಾವತ್ತೂ ತಪ್ಪು ಮಾಡೋದಿಲ್ಲ.”

“ಹಂಗಾರ ಕೂಸು ಹುಟ್ಟಿದ್ದು ಖರೇ ಆತಲ್ರೀ. ಚೊಚ್ಚಲ ಕೂಸು ಹುಟ್ಟೋದು ತವರುಮನ್ಯಾಗ. ಇದು ಹುಟ್ಟಿದ್ದು ನಿಮ್ಮ ಆಫೀಸಿನ್ಯಾಗ. ಅಂದಮ್ಯಾಲೆ ನೀವ ನಮ್ಮ ಬೀಗರು. ತೊಟ್ಟಿಲಾ ತವರಿನವರ ತರಬೇಕು. ಐತವಾರ ನಾಮಕರಣ, ಕಾರ್ಡಿನ್ಯಾಗ ನಿಮ್ಮ ಹೆಸರು ಹಾಕಸೇನಿ. ಬರೂ ಮುಂದ ಬಾಣಂತೀನೂ ಕರಕೊಂಡು ಬರ್ರಿ, ನಾ ಇನ್ನೂ ಆಕಿ ಮಾರಿ ನೋಡಿಲ್ಲ.”

ತಾಸಿನೊಳಗೆ ಪತ್ರ ಬಂತು: ‘ಇವರಿಗೆ ಮಗುವಾಗಿಲ್ಲ. ತಪ್ಪು ನಮ್ಮದೇ.’ ಕೆಳಗೆ ಸಾಹೇಬರದೇ ಸಹಿ.

ಮಾವ ನಡೆದದ್ದನ್ನೆಲ್ಲ ಕೇಳಿ, ಪತ್ರವನ್ನು ಎರಡು ಸಲ ಓದಿದ. ಮದುವೆಗೆ ಒಪ್ಪಿ, ಕೈಮುಗಿದು ಹೇಳಿದ:

“ಮುಂದ ತೊಟ್ಟಿಲಾ ನಾವಾಗೇ ತರತೇವಿ, ಅಳಿಯಂದ್ರ. ನೀವು ಫೋನ್ ಮಾತ್ರ ಹಚ್ಚಬ್ಯಾಡ್ರಿ.”