ಹೊಳೆಗೆ ಬಿದ್ದ ಲಿಂಗ

ಮಠದ ಪಂಕ್ತಿಗೆ ಕಲ್ಲಿನಾಥ ಬರಿಗೊರಳಲ್ಲಿ ಬಂದು ಕೂತ.

ಬಡಿಸುತ್ತಿದ್ದ ಹಿರಿಯ ಶಿಷ್ಯ ಮುರಿಗೆಯ್ಯನ ಸೌಟು ನಿಂತಿತು. "ಲಿಂಗ ಎಲ್ಲೈತೋ?"

"ಹೊಳಿಗೆ ಒಗದೆ."

ಅಕ್ಕಪಕ್ಕದವರು ತಾಟು ಎತ್ತಿಕೊಂಡು ದೂರ ಸರಿದರು. ದೀಕ್ಷೆಯ ದಿನ ಗುರು ಅಂಗೈಗೆ ಕೊಟ್ಟ ಇಷ್ಟಲಿಂಗ ಅದು.

"ಪ್ರಾಣ ಹೋದ್ರೂ ಲಿಂಗ ಬಿಡಬಾರದು ಅಂತ ಗೊತ್ತಿಲ್ಲೇನು?"

"ಗೊತ್ತೈತಿ. ಪ್ರಾಣಾನ ಒಗಿಯಾಕ ಹೋಗಿದ್ದೆ. ಲಿಂಗ ಮದ್ಲ ಹೋತು."

ಮಳೆಗಾಲ ಕಳೆದಾಗಿನಿಂದ ಅವನಿಗೆ ನಿದ್ದೆಯಿಲ್ಲ. ಬಾಯಿಗಿಟ್ಟ ಅನ್ನ ಮಣ್ಣು. ಹೇಳಿಕೊಂಡಾಗ ಮುರಿಗೆಯ್ಯ ಜಪ ಹೆಚ್ಚಿಸು ಎಂದಿದ್ದ, ಹೆಚ್ಚಿಸಿದ. ಉಪವಾಸ ಹಿಡಿ ಎಂದಿದ್ದ, ಹಿಡಿದ. ಕಡೆಗೆ, ನಿನ್ನ ಭಕ್ತಿಯೇ ಹುಳುಕು ಎಂದಿದ್ದ.

ಗದ್ದಲ ಕೇಳಿ ಅಜ್ಜಾರು ಹೊರಬಂದರು. ಮಠದ ಸ್ವಾಮಿಗಳನ್ನು ಊರೆಲ್ಲ ಕರೆಯುವುದೇ ಹಾಗೆ.

ಕಲ್ಲಿನಾಥ ಎದ್ದು ನಿಂತ. "ಹೊರಗ ಹಾಕ್ರಿ ಅಜ್ಜಾರ. ನನಗ ನಂಬಿಕಿ ಉಳದಿಲ್ಲ."

"ನಂಬಿಕಿ ಯಾರು ಕೇಳಿದ್ರು? ಉಂಡಿ ಏನು?"

"ಇಲ್ರಿ."

ಅಜ್ಜಾರು ಅವನ ಪಕ್ಕದ ಖಾಲಿ ಜಾಗದಲ್ಲಿ ಬರಿನೆಲದ ಮೇಲೆ ಕೂತರು. "ಮುರಿಗೆಯ್ಯಾ, ನನಗೂ ಒಂದು ತಾಟು."

"ಲಿಂಗ ಇಲ್ಲದವನ ಸಂಗಾಟ ಪಂಕ್ತಿ ನಡಿಯಂಗಿಲ್ರಿ, ಅಜ್ಜಾರ."

"ಹಂಗಾರ ಇಬ್ಬರನ್ನೂ ಎಬ್ಬಸು."

ಮುರಿಗೆಯ್ಯ ಎಬ್ಬಿಸಲಿಲ್ಲ. ನುಚ್ಚು, ಮಜ್ಜಿಗೆ ಬಡಿಸಿದ.

ಕಲ್ಲಿನಾಥ ಒಂದಿಷ್ಟು ಉಂಡ. ಉಳಿದದ್ದಕ್ಕೆ ಅಜ್ಜಾರು ಒತ್ತಾಯಿಸಲಿಲ್ಲ.

"ಗಾಡಿ ತರಸು. ಪ್ಯಾಟಿಯಾಗ ಮನಸಿನ ಡಾಕ್ಟರ್ ಅದಾರ. ಇವನ್ನ ಕರಕೊಂಡು ಹೋಗೂಣು."

ಕಲ್ಲಿನಾಥ ಕೆಣಕಿದ. "ದೇವರ ಕೈಲೆ ಆಗದ್ದು ಡಾಕ್ಟರ್ ಕೈಲೆ ಆಗ್ತೈತೇನ್ರಿ?"

"ಮೊನ್ನೆ ನನ್ನ ಹಲ್ಲು ಕಿತ್ತವ ದೇವರೇನು?"

ಮುರಿಗೆಯ್ಯ ದನಿ ತಗ್ಗಿಸಿದ. "ಮಠದ ಹೆಸರು ಕೆಡತೈತ್ರಿ. ಸ್ವಾಮಿಗಳು ಹುಚ್ಚರ ದವಾಖಾನಿಗೆ ಹೋದ್ರು ಅಂತ ಜನ ಆಡ್ಕೋತಾರ. ಕತ್ತಲಾದ ಮ್ಯಾಲರ ಹೋಗ್ರಿ."

"ಈಗ ಹೋಗ್ತೀವಿ. ಸಂತಿ ಹಾದು ಹೋಗ್ತೀವಿ. ನಾನು ಮುಂದಿನ ಸೀಟಿನಾಗ ಕೂಡ್ತೀನಿ, ಕಾವಿ ಎಲ್ಲಾರಿಗೂ ಕಾಣಲಿ. ನೀನು ಹಿಂದ ಇವನ ಕೈ ಹಿಡಕೊಂಡು ಕೂಡು."

"ನಾನ್ರಿ?"

"ಜಪ ಹೆಚ್ಚು ಮಾಡಂದವ ನೀನಲ್ಲೇನು?"

ಸಂತೆಯ ಜನ ನಿಂತು ನೋಡಿದರು. ಅಜ್ಜಾರು ಕಿಟಕಿಯ ಗಾಜು ಪೂರಾ ಇಳಿಸಿದರು.

ಗಾಡಿ ಹೊಳೆಯ ಸೇತುವೆ ಏರಿತು. ಕಲ್ಲಿನಾಥ ಕೆಳಗೆ ನೀರನ್ನೇ ನೋಡುತ್ತಿದ್ದ. ಮುರಿಗೆಯ್ಯನ ಹಿಡಿ ಬಿಗಿಯಾಯಿತು.

"ಅಜ್ಜಾರ... ಲಿಂಗ ಅಲ್ಲೇ ಐತ್ರಿ. ನೀರಾಗ."

ಅಜ್ಜಾರು ಹಿಂದೆ ತಿರುಗಿ ನೋಡಿದರು.

"ಅದಕ್ಕ ಉಸರು ಕಟ್ಟೂದಿಲ್ಲ, ತಮ್ಮಾ. ಮದ್ಲ ನೀ ದಡಕ್ಕ ಬಾ."